ಮೊಮ್ಮಗಳ ಓಟಕ್ಕೊಂದು ಕ್ಯಾಮೆರಾ

ಹೋದ ವರ್ಷ ಚಾಮುಂಡಿ ವಿಹಾರ ಕ್ರೀಡಾಂಗಣದಲ್ಲಿ ಶಾಲಾ ಮಕ್ಕಳ ಕ್ರೀಡಾಕೂಟವಿತ್ತು. ನನ್ನ ಮಗಳ ಮಗಳು ಪುಟ್ಟಿ 200 ಮೀಟರ್ ಓಟದಲ್ಲಿದ್ದಳು. ಆಗ ಅವಳು ಆರನೇ ತರಗತಿ. ನಾನು ಬೆಳಿಗ್ಗೆ ಎಂಟು ಗಂಟೆಗೇ ಹೋಗಿ, ತಲೆಗೆ ಟೋಪಿ ಹಾಕಿಕೊಂಡು, ಓಟ ಮುಗಿಯುವ ಗೆರೆಯ ಪಕ್ಕದಲ್ಲೇ ಜಾಗ ಹಿಡಿದು ನಿಂತೆ. ಕೈಯಲ್ಲಿ ಅಂಗಿ ಜೇಬಿಗೆ ಹಿಡಿಸುವಂಥ ಪುಟ್ಟ ಡಿಜಿಟಲ್ ಕ್ಯಾಮೆರಾ. ಬ್ಯಾಂಕಿನಿಂದ ನಿವೃತ್ತನಾದಾಗ ನನಗೆ ನಾನೇ ಕೊಟ್ಟುಕೊಂಡ ಉಡುಗೊರೆ ಅದು. ಮದುವೆ, ಮುಂಜಿ, ಗೊಂಬೆ ಹಬ್ಬ, ಎಲ್ಲದಕ್ಕೂ ಅದೇ ಸಾಕಾಗಿತ್ತು.

ಪುಟ್ಟಿ ಗೆರೆ ಮುಟ್ಟಿದಳು. ನಾನು ಗುಂಡಿ ಒತ್ತಿದೆ. ಕ್ಯಾಮೆರಾ ಒಂದು ಕ್ಷಣ ಯೋಚನೆ ಮಾಡಿತು. ಆಮೇಲೆ ‘ಕ್ಲಿಕ್’ ಅಂದಿತು.

ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಖಾಲಿ ಟ್ರ್ಯಾಕು, ಬಿಳಿ ಗೆರೆ, ಆಚೆ ಕೊಡೆ ಹಿಡಿದು ಕೂತ ಯಾರೋ ಒಬ್ಬರು ಟೀಚರು, ಎಡಗಡೆಯ ಮೂಲೆಯಲ್ಲಿ ಒಂದು ಹಿಮ್ಮಡಿ. ಆ ಹಿಮ್ಮಡಿಯೂ ಪುಟ್ಟಿಯದಲ್ಲ.

“ಪರವಾಗಿಲ್ಲ ಬಿಡಿ ತಾತ” ಅಂದಳು ಹುಡುಗಿ. ಬೈದಿದ್ದರೆ ಚೆನ್ನಾಗಿತ್ತು. ಆ ಸಂಜೆ ಪುಣೆಯಿಂದ ಅವಳ ಅಮ್ಮ ಫೋನ್ ಮಾಡಿ “ಫೋಟೋ ಕಳಿಸಿ ಅಪ್ಪಾ” ಅಂದಾಗ ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಗಳು, ಅಳಿಯ ಇಬ್ಬರಿಗೂ ಅಲ್ಲೇ ಕೆಲಸ. ಪುಟ್ಟಿ ಏಳನೇ ತರಗತಿ ಮುಗಿಸುವವರೆಗೆ ಮಾತ್ರ ನಮ್ಮ ಜೊತೆ, ಆಮೇಲೆ ಅವಳೂ ಪುಣೆಗೆ. ಅಂದರೆ ನನಗೆ ಉಳಿದಿದ್ದು ಇನ್ನೊಂದೇ ಕ್ರೀಡಾಕೂಟ.

ಹಾಗಾಗಿ ಓಡುವವರನ್ನು ಹಿಡಿಯುವಂಥ ಕ್ಯಾಮೆರಾ ಒಂದನ್ನು ಕೊಳ್ಳಬೇಕೆಂದು ಹೊರಟೆ. ಹೊರಟ ಮೇಲೆ ಗೊತ್ತಾಯಿತು, ಕ್ಯಾಮೆರಾ ಕೊಳ್ಳುವುದಕ್ಕೆ ಮೊದಲು ಸ್ವಲ್ಪ ಲೆಕ್ಕ ಮಾಡಬೇಕು ಅಂತ. ಲೆಕ್ಕ ಅಂದರೆ ನನಗೆ ಭಯವಿಲ್ಲ, ಮೂವತ್ತೈದು ವರ್ಷ ಅದನ್ನೇ ಮಾಡಿದವನು.

ಪುಟ್ಟಿ 200 ಮೀಟರನ್ನು 32 ಸೆಕೆಂಡಿನಲ್ಲಿ ಓಡುತ್ತಾಳೆ. ಭಾಗಿಸಿ ನೋಡಿ ಮಕ್ಕಳೇ, ಸೆಕೆಂಡಿಗೆ ಆರು ಮೀಟರಿಗಿಂತ ಸ್ವಲ್ಪ ಹೆಚ್ಚು. ನನ್ನ ಹಳೆಯ ಕ್ಯಾಮೆರಾ ಗುಂಡಿ ಒತ್ತಿದ ಮೇಲೆ ಅರ್ಧ ಸೆಕೆಂಡ್ ತೆಗೆದುಕೊಂಡಿತು ಅಂದುಕೊಳ್ಳಿ. ಅಷ್ಟರಲ್ಲಿ ಅವಳು ಮೂರು ಮೀಟರ್ ಮುಂದೆ ಹೋಗಿರುತ್ತಾಳೆ. ಮೂರು ಮೀಟರ್ ಅಂದರೆ ನಮ್ಮ ಮನೆಯ ನಡುಮನೆಯಷ್ಟು ಅಗಲ. ಚಿತ್ರದಲ್ಲಿ ಅವಳು ಇಲ್ಲದಿದ್ದರೆ ಅದರಲ್ಲಿ ಆಶ್ಚರ್ಯವೇನು?

ಆ ಅರ್ಧ ಸೆಕೆಂಡಿನಲ್ಲಿ ಕ್ಯಾಮೆರಾ ಏನು ಮಾಡುತ್ತಿತ್ತು? ಫೋಕಸ್ ಹುಡುಕುತ್ತಿತ್ತು. ಕನ್ನಡಕ ಮರೆತು ಬಂದ ಅಜ್ಜ ಪತ್ರಿಕೆಯನ್ನು ಹತ್ತಿರ ಹಿಡಿದು, ದೂರ ಹಿಡಿದು, ಮತ್ತೆ ಹತ್ತಿರ ತಂದು ಎಲ್ಲಿ ಅಕ್ಷರ ಸ್ಪಷ್ಟ ಕಾಣುತ್ತದೆಂದು ನೋಡುತ್ತಾನಲ್ಲ, ಹಳೆಯ ಜೇಬುಕ್ಯಾಮೆರಾಗಳು ಮಾಡುತ್ತಿದ್ದದ್ದೂ ಅದನ್ನೇ. ಲೆನ್ಸನ್ನು ಮುಂದೆ ಹಿಂದೆ ಆಡಿಸಿ, ಎಲ್ಲಿ ಗೆರೆಗಳು ಚೂಪಾಗಿ ಕಾಣುತ್ತವೋ ಅಲ್ಲಿ ನಿಲ್ಲಿಸುವುದು. ಇನ್ನೊಂದು ಬಗೆಯ ಫೋಕಸ್ ಇದೆ. ಅದಕ್ಕೆ ಒಂದೇ ನೋಟದಲ್ಲಿ ಲೆನ್ಸ್ ಯಾವ ಕಡೆಗೆ, ಎಷ್ಟು ದೂರ ಸರಿಯಬೇಕೆಂದು ತಿಳಿಯುತ್ತದೆ. ದೊಡ್ಡ ಎಸ್‌ಎಲ್‌ಆರ್ ಕ್ಯಾಮೆರಾಗಳಲ್ಲಿ ಇದು ಮೊದಲಿನಿಂದಲೂ ಇತ್ತು, ಈಗಿನ ಒಳ್ಳೆಯ ಮಿರರ್‌ಲೆಸ್ ಕ್ಯಾಮೆರಾಗಳಲ್ಲೂ ಇದೆ.

ಹೊಸದನ್ನು ಕೊಳ್ಳಲಾಗದವರಿಗೆ ಇಲ್ಲೇ ಒಂದು ಉಪಾಯ ಹೇಳಿಬಿಡುತ್ತೇನೆ. ಎಂಥ ಹಳೆಯ ಕ್ಯಾಮೆರಾ ಆದರೂ ಗುಂಡಿಯನ್ನು ಅರ್ಧ ಒತ್ತಿ ಹಿಡಿದರೆ ಫೋಕಸ್ ಮಾಡಿ ಕಾಯುತ್ತದೆ. ಓಟಗಾರರು ಬರುವ ಮೊದಲೇ ಮುಗಿಯುವ ಗೆರೆಗೆ ಗುರಿಯಿಟ್ಟು ಅರ್ಧ ಒತ್ತಿ ಹಿಡಿಯಿರಿ. ಅವರು ಗೆರೆಗೆ ಬರುವಾಗ ಪೂರ್ತಿ ಒತ್ತಿ. ವಿಳಂಬ ಬಹಳಷ್ಟು ಕಡಿಮೆಯಾಗುತ್ತದೆ. ಈ ಸಂಗತಿ ನನಗೆ ಒಂದು ವರ್ಷ ಮುಂಚೆ ಗೊತ್ತಿದ್ದರೆ ಈ ಲೇಖನವೇ ಇರುತ್ತಿರಲಿಲ್ಲ.

ಅಂಗಡಿಗೆ ಹೋದೆ. ಕೌಂಟರಿನ ಹುಡುಗ ಬಾಯಿ ತೆರೆದರೆ ಮೆಗಾಪಿಕ್ಸೆಲ್. “ಇದು 24 ಸಾರ್, ಇದು 32 ಸಾರ್.” ಮೆಗಾಪಿಕ್ಸೆಲ್ ಅಂದರೆ ಚಿತ್ರದಲ್ಲಿರುವ ಚುಕ್ಕಿಗಳ ಲೆಕ್ಕ. ಗೋಡೆಯಷ್ಟು ದೊಡ್ಡದಾಗಿ ಅಚ್ಚು ಹಾಕಿಸುವವರಿಗೆ ಅದು ಬೇಕು. ನಾನು ಕೇಳಿದ್ದು ಬೇರೆ: “ಗುಂಡಿ ಒತ್ತಿದ ಮೇಲೆ ಎಷ್ಟು ಹೊತ್ತಿಗೆ ಚಿತ್ರ ಬರುತ್ತೆ?” ಹುಡುಗ ನನ್ನನ್ನು ವಿಚಿತ್ರವಾಗಿ ನೋಡಿದ. “ತಕ್ಷಣ ಸಾರ್” ಅಂದ. ತಕ್ಷಣ ಅಂದರೆ ಎಷ್ಟು ಅನ್ನುವುದೇ ನನ್ನ ಪ್ರಶ್ನೆಯಾಗಿತ್ತು.

ಈ ಪ್ರಶ್ನೆ ಹಳೆಯದು. ಕುದುರೆ ನಾಗಾಲೋಟದಲ್ಲಿ ಓಡುವಾಗ ಅದರ ನಾಲ್ಕೂ ಕಾಲು ಒಟ್ಟಿಗೆ ನೆಲ ಬಿಡುತ್ತವೆಯೇ? ನೂರೈವತ್ತು ವರ್ಷಗಳ ಹಿಂದೆ ಇದು ಯಾರಿಗೂ ಖಚಿತವಾಗಿ ಗೊತ್ತಿರಲಿಲ್ಲ. ಮನುಷ್ಯನ ಕಣ್ಣಿಗೆ ಅಷ್ಟು ವೇಗ ಸಿಗುವುದಿಲ್ಲ. ಚಿತ್ರಕಾರರು ಕುದುರೆಯ ಮುಂಗಾಲು ಮುಂದಕ್ಕೆ, ಹಿಂಗಾಲು ಹಿಂದಕ್ಕೆ ಚಾಚಿದಂತೆ, ಆಟದ ಮರಗುದುರೆಯ ಹಾಗೆ ಬರೆಯುತ್ತಿದ್ದರು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿದ್ದ ಎಡ್ವರ್ಡ್ ಮೈಬ್ರಿಜ್ ಎಂಬ ಇಂಗ್ಲಿಷ್ ಛಾಯಾಗ್ರಾಹಕ 1878ರ ಜೂನ್‌ನಲ್ಲಿ ಓಟದ ದಾರಿಯ ಪಕ್ಕ 12 ಕ್ಯಾಮೆರಾಗಳನ್ನು ಸಾಲಾಗಿ ಇಟ್ಟ. ದಾರಿಗೆ ಅಡ್ಡವಾಗಿ ದಾರಗಳನ್ನು ಕಟ್ಟಿದ. ಕುದುರೆ ಓಡಿದಂತೆ ದಾರ ಎಳೆದು ಒಂದೊಂದೇ ಕ್ಯಾಮೆರಾ ತೆರೆದು ಮುಚ್ಚಿತು. ಚಿತ್ರ ತೊಳೆದು ನೋಡಿದರೆ ನಾಲ್ಕೂ ಕಾಲು ನೆಲ ಬಿಟ್ಟಿದ್ದವು. ಆದರೆ ಚಿತ್ರಕಾರರು ಬರೆದ ಹಾಗೆ ಚಾಚಿದಾಗಲ್ಲ, ಹೊಟ್ಟೆಯ ಕೆಳಗೆ ಒಟ್ಟಾಗಿ ಮಡಚಿಕೊಂಡಾಗ. ನೂರಾರು ವರ್ಷ ಕಣ್ಣು ಬಿಟ್ಟು ನೋಡಿದ್ದೂ ತಪ್ಪಾಗಿತ್ತು. ನಮ್ಮ ದಸರಾದಲ್ಲಿ ಅಶ್ವಾರೋಹಿ ದಳದ ಕುದುರೆಗಳು ಓಡುವುದನ್ನು ನೀವೂ ನೋಡಿರುತ್ತೀರಿ. ಮುಂದಿನ ಸಲ ಕಾಲನ್ನು ಗಮನಿಸಿ, ನಿಮ್ಮ ಕಣ್ಣಿಗೆ ಸಿಗುತ್ತದೋ ನೋಡೋಣ.

ಮೈಬ್ರಿಜ್‌ನ 12 ಕ್ಯಾಮೆರಾಗಳ ಕೆಲಸವನ್ನು ಈಗ ಒಂದೇ ಕ್ಯಾಮೆರಾ ಮಾಡುತ್ತದೆ. ಆದರೆ ಕಷ್ಟ ಹಳೆಯದೇ, ಬೆಳಕಿನ ಕಷ್ಟ.

ಕ್ಯಾಮೆರಾದ ಒಳಗಿನ ಪರದೆ, ಅಂದರೆ ಷಟರ್, ಎಷ್ಟು ಹೊತ್ತು ತೆರೆದಿರುತ್ತದೋ ಅಷ್ಟು ಹೊತ್ತಿನ ಚಲನೆಯೆಲ್ಲ ಚಿತ್ರದಲ್ಲಿ ಬಳಿದುಕೊಳ್ಳುತ್ತದೆ. 1/60 ಸೆಕೆಂಡ್ ತೆರೆದಿದ್ದರೆ ನಮ್ಮ ಪುಟ್ಟಿ ಅಷ್ಟರಲ್ಲೇ 10 ಸೆಂಟಿಮೀಟರ್ ಸರಿದಿರುತ್ತಾಳೆ; ಮುಖವೆಲ್ಲ ಕಲಸಿದ ರಂಗೋಲಿ. 1/1000 ಸೆಕೆಂಡ್ ಆದರೆ ಬರೀ 6 ಮಿಲಿಮೀಟರ್. ಬೀಸುವ ಕಾಲು ಮೈಗಿಂತ ಇನ್ನೂ ಜೋರಾಗಿ ಚಲಿಸುವುದರಿಂದ 1/1000ಕ್ಕಿಂತ ಕಡಿಮೆ ಹೊತ್ತಾದರೆ ಒಳ್ಳೆಯದು. ಹಾರುವ ಹಕ್ಕಿಗೆ 1/2000 ಇಟ್ಟುಕೊಳ್ಳಬೇಕು. ಹೀಗೆ ಹೊತ್ತು ಕಡಿಮೆ ಮಾಡಿದಂತೆಲ್ಲ ಒಳಗೆ ಬರುವ ಬೆಳಕೂ ಕಡಿಮೆಯಾಗುತ್ತದೆ.

ಇದನ್ನು ನಾನು ಪುಟ್ಟಿಗೆ ಬ್ಯಾಂಕಿನ ಭಾಷೆಯಲ್ಲಿ ಹೇಳಿಕೊಟ್ಟೆ. ಬೆಳಕು ಅಂದರೆ ಖಾತೆಯಲ್ಲಿರುವ ಹಣ. ಲೆನ್ಸಿನ ಬಾಯಿ ಎಷ್ಟು ದೊಡ್ಡದೋ ಅಷ್ಟು ಜಮಾ. ಲೆನ್ಸಿನ ಮೇಲೆ ಎಫ್ 2.8, ಎಫ್ 5.6, ಎಫ್ 8 ಅಂತ ಬರೆದಿರುತ್ತದೆ. ಸಂಖ್ಯೆ ಚಿಕ್ಕದಾದಷ್ಟೂ ಬಾಯಿ ದೊಡ್ಡದು. ಎಫ್ 8ಕ್ಕಿಂತ ಎಫ್ 5.6ರಲ್ಲಿ ಎರಡರಷ್ಟು ಬೆಳಕು ಬರುತ್ತದೆ. ವೇಗದ ಷಟರ್ ಅಂದರೆ ಖರ್ಚು. ಖಾತೆಯಲ್ಲಿ ಇಲ್ಲದ ಹಣವನ್ನು ಖರ್ಚು ಮಾಡಬೇಕಾದಾಗ ಓವರ್‌ಡ್ರಾಫ್ಟ್ ತೆಗೆದುಕೊಳ್ಳುತ್ತೇವಲ್ಲ, ಕ್ಯಾಮೆರಾದಲ್ಲಿ ಅದರ ಹೆಸರು ಐಎಸ್‌ಒ. ಅದನ್ನು ಹೆಚ್ಚಿಸಿದರೆ ಕಡಿಮೆ ಬೆಳಕಲ್ಲೂ ಚಿತ್ರ ಬರುತ್ತದೆ. ಆದರೆ ಬಡ್ಡಿ ಕಟ್ಟಬೇಕು. ಬಡ್ಡಿ ಅಂದರೆ ಚಿತ್ರದ ತುಂಬ ರವೆ ಉದುರಿಸಿದಂತೆ ಕಾಣುವ ಕಾಳುಕಾಳು. ದೊಡ್ಡ ಸೆನ್ಸರ್ ಇರುವ ಕ್ಯಾಮೆರಾಗಳಿಗೆ ಬಡ್ಡಿ ದರ ಕಡಿಮೆ, ಜೇಬುಕ್ಯಾಮೆರಾಗಳಿಗೆ ಮೀಟರ್ ಬಡ್ಡಿ.

ಹಳೆಯ ಫಿಲ್ಮ್ ಕಾಲದವರ ಒಂದು ಬಾಯಿಲೆಕ್ಕ ಈಗಲೂ ನಡೆಯುತ್ತದೆ. ಚೆನ್ನಾಗಿ ಬಿಸಿಲಿದ್ದರೆ ಐಎಸ್‌ಒ 100, ಎಫ್ 16, ಷಟರ್ 1/100. ಅಲ್ಲಿಂದ ಎಫ್ 11, ಎಫ್ 8, ಎಫ್ 5.6 ಅಂತ ಮೂರು ಮೆಟ್ಟಿಲು ಇಳಿದರೆ ಷಟರ್ 1/200, 1/400, 1/800 ಆಗುತ್ತದೆ. ಐಎಸ್‌ಒ 400ಕ್ಕೆ ಏರಿಸಿದರೆ ಇನ್ನೂ ನಾಲ್ಕು ಪಟ್ಟು, 1/3200. ಅಂದರೆ ಮೈಸೂರಿನ ಬೆಳಗಿನ ಹತ್ತರ ಬಿಸಿಲಿನಲ್ಲಿ ಸಾಧಾರಣ ಲೆನ್ಸೇ ಓಟಕ್ಕೆ ಧಾರಾಳ ಸಾಕು. ಆದರೆ ದಸರಾದ ಪಂಜಿನ ಕವಾಯತಿಗೆ ಬನ್ನಿಮಂಟಪಕ್ಕೆ ಹೋಗಿ, ರಾತ್ರಿ ವಿದ್ಯುತ್ ದೀಪದಲ್ಲಿ ಮೋಟರ್ ಸೈಕಲ್ ಸಾಹಸದ ಫೋಟೋ ತೆಗೆಯುತ್ತೇನೆ ಅಂದರೆ ಅದು ಬೇರೆ ಆಟ. ಅಲ್ಲಿಗೆ ದೊಡ್ಡ ಬಾಯಿಯ, ದೊಡ್ಡ ಬೆಲೆಯ ಲೆನ್ಸ್ ಬೇಕು. ನನಗೆ ಅದು ಬೇಡವಾಗಿತ್ತು. ಏನು ಬೇಡ ಎಂದು ಮೊದಲೇ ತೀರ್ಮಾನಿಸಿದ್ದರಿಂದ ಬಹಳ ಹಣ ಉಳಿಯಿತು.

ಇನ್ನು ನೋಡಬೇಕಾದ್ದು ಒಂದು ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು. ಮೂರು ಚಿತ್ರ ತೆಗೆಯುವ ಕ್ಯಾಮೆರಾದಲ್ಲಿ ಒಂದಕ್ಕೂ ಇನ್ನೊಂದಕ್ಕೂ ನಡುವೆ ಪುಟ್ಟಿ ಎರಡು ಮೀಟರ್ ಓಡಿರುತ್ತಾಳೆ. ಹತ್ತು ತೆಗೆಯುವುದರಲ್ಲಿ 60 ಸೆಂಟಿಮೀಟರ್. ಆದರೆ ಹುಷಾರು. ತೆಗೆದ ಚಿತ್ರಗಳನ್ನು ಕಾರ್ಡಿಗೆ ಬರೆಯಬೇಕಲ್ಲ? ಪಿಂಚಣಿ ದಿನ ಬ್ಯಾಂಕಿನಲ್ಲಿ ಜನ ಬಂದ ಹಾಗೆ ಚಿತ್ರಗಳು ಬರುತ್ತವೆ, ಕಾರ್ಡು ಅಂದರೆ ಒಬ್ಬನೇ ಕ್ಯಾಷಿಯರ್. ಒಳಗಿನ ಹಾಲ್ ತುಂಬುವವರೆಗೆ ಜನ ಬರಬಹುದು, ತುಂಬಿದ ಮೇಲೆ ಬಾಗಿಲು ಹಾಕಲೇಬೇಕು. ಆಗ ಕ್ಯಾಮೆರಾ ಮೊಂಡು ಹಿಡಿದು ನಿಂತುಬಿಡುತ್ತದೆ, ಅದೂ ಬೇಕಾದ ಕ್ಷಣದಲ್ಲೇ. ಅದಕ್ಕೇ ಕಾರ್ಡಿನ ಮೇಲೆ ಯು3 ಅಥವಾ ವಿ30 ಎಂದು ಬರೆದಿದೆಯೇ ನೋಡಿ. ಸೆಕೆಂಡಿಗೆ ಕನಿಷ್ಠ 30 ಎಂ.ಬಿ. ಬರೆಯುತ್ತದೆ ಎಂದು ಅದರ ಅರ್ಥ. ಮಾತ್ರವಲ್ಲ, ‘ರಾ’ ಎಂಬ ಭಾರಿ ಕಡತದ ಬದಲು ಜೆಪೆಗ್‌ನಲ್ಲಿ ತೆಗೆದರೆ ಸಾಲು ಬೇಗ ಕರಗುತ್ತದೆ. ‘ರಾ’ ಇಲ್ಲದೆ ಫೋಟೋಗ್ರಫಿಯೇ ಅಲ್ಲ ಎನ್ನುವವರಿದ್ದಾರೆ. ಅವರು ಓಡುವ ಮೊಮ್ಮಕ್ಕಳ ಹಿಂದೆ ಬಿದ್ದವರಲ್ಲ ಎಂದು ನನ್ನ ಗುಮಾನಿ.

ಲೆನ್ಸಿನ ವಿಚಾರಕ್ಕೆ ಬಂದಾಗ ನನ್ನ ಭುಜ ಮಾತಾಡಿತು. ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗಿನ ವಾಕಿಂಗ್‌ಗೆ ಹೋಗುವವರು ನೋಡಿರುತ್ತೀರಿ, ತೋಪಿನಂಥ ಲೆನ್ಸ್ ಹಿಡಿದ ಯುವಕರು ಸಾಲಾಗಿ ನಿಂತಿರುತ್ತಾರೆ. ನನಗೂ ಅದರ ಮೇಲೆ ಕಣ್ಣಿತ್ತು. ಅಂಥದ್ದೊಂದು ಜೋಡಿಯ ತೂಕ ಓದಿದೆ: ನಿಕಾನ್ ಡಿ500 ಕ್ಯಾಮೆರಾ 860 ಗ್ರಾಂ, ಅದಕ್ಕೆ ಹಾಕುವ 200-500 ಲೆನ್ಸ್ 2,300 ಗ್ರಾಂ. ಕೂಡಿದರೆ ಮೂರು ಕೆಜಿ ದಾಟಿತು. ಮನೆಗೆ ಬಂದು ಚೀಲದಲ್ಲಿ ಮೂರು ಕೆಜಿ ಅಕ್ಕಿ ಅಳೆದು ಹಾಕಿ, ಕಣ್ಣಿನ ಮಟ್ಟಕ್ಕೆ ಎತ್ತಿ ಹಿಡಿದು ನಿಂತೆ. ಎರಡು ನಿಮಿಷಕ್ಕೆ ಕೈ ನಡುಗಿತು. ನನ್ನಾಕೆ ಅಡುಗೆಮನೆಯಿಂದ ಹೊರಗೆ ಬಂದವಳು, “ಏನ್ರೀ ಇದು, ಅಕ್ಕಿಗೆ ಆರತಿ ಎತ್ತುತ್ತಿದ್ದೀರಾ?” ಅಂದಳು. ನನ್ನ ವಯಸ್ಸಿನವರು ಕ್ಯಾಮೆರಾ ಕೊಳ್ಳುವ ಮೊದಲು ಈ ಅಕ್ಕಿ ಪರೀಕ್ಷೆ ಮಾಡಿಯೇ ತೀರಬೇಕು. ನನಗೆ ಕೈ ನಡುಗದೆ ಹಿಡಿಯಲಾದದ್ದು ಒಂದೂವರೆ ಕೆಜಿ. ಅದೇ ನನ್ನ ಮಿತಿ ಎಂದು ಡೈರಿಯಲ್ಲಿ ಬರೆದುಕೊಂಡೆ.

“ಮೊಬೈಲ್ ಇದೆಯಲ್ಲ ತಾತ?” ಅಂತ ಪುಟ್ಟಿ ಕೇಳಿದ್ದಳು. ನ್ಯಾಯವಾದ ಪ್ರಶ್ನೆ. ಈಗಿನ ಹಲವು ಮೊಬೈಲ್‌ಗಳು ನೀವು ಒತ್ತುವ ಮೊದಲೇ ಒಳಗೊಳಗೆ ಚಿತ್ರ ಹಿಡಿಯುತ್ತಿರುತ್ತವೆ, ಒತ್ತಿದ ಕ್ಷಣದ್ದನ್ನು ಆರಿಸಿಕೊಡುತ್ತವೆ. ಹಾಗಾಗಿ ಎದುರಿಗೇ ಜಿಗಿಯುವ ಮಗುವಿಗೆ, ನಾಯಿಮರಿಗೆ ಅದು ನನ್ನ ಜೇಬುಕ್ಯಾಮೆರಾಕ್ಕಿಂತ ಎಷ್ಟೋ ಮೇಲು. ಮೈದಾನದ ಆಚೆ ತುದಿಯಲ್ಲಿರುವ ಮಗುವಿಗೆ ಆಗುವುದಿಲ್ಲ. ಬೆರಳಿನಿಂದ ಹಿಗ್ಗಿಸಿದರೆ ಮುಖ ಹಿಗ್ಗುತ್ತದೆ, ಸ್ಪಷ್ಟತೆ ಹಿಗ್ಗುವುದಿಲ್ಲ. ಮೊಬೈಲಿನ ಇನ್ನೊಂದು ತಮಾಷೆಯನ್ನು ನೀವೇ ಪರೀಕ್ಷಿಸಬಹುದು. ಬೆಂಗಳೂರಿಗೆ ಹೋಗುವಾಗ ರೈಲಿನ ಕಿಟಕಿಯ ಒಳಗಿನಿಂದಲೇ, ಕೈ ಹೊರಗೆ ಹಾಕದೆ, ಹತ್ತಿರದ ಕಂಬಗಳ ಫೋಟೋ ತೆಗೆಯಿರಿ. ನೆಟ್ಟಗಿರುವ ಕಂಬ ಓರೆಯಾಗಿ ಕಾಣುತ್ತದೆ. ಮೊಬೈಲು ಚಿತ್ರವನ್ನು ಒಂದೇ ಸಲಕ್ಕೆ ನೋಡದೆ ಒಂದೊಂದೇ ಸಾಲಾಗಿ ಓದುತ್ತದೆ. ಮೇಲಿನ ಸಾಲು ಓದಿ ಕೆಳಗಿನ ಸಾಲಿಗೆ ಬರುವಷ್ಟರಲ್ಲಿ ರೈಲು ಮುಂದೆ ಹೋಗಿರುತ್ತದೆ. ಸದ್ದಿಲ್ಲದ ಎಲೆಕ್ಟ್ರಾನಿಕ್ ಷಟರ್ ಇರುವ ಎಷ್ಟೋ ಕ್ಯಾಮೆರಾಗಳಲ್ಲೂ ಇದೇ ತೊಂದರೆ. ಬೀಸಿದ ಕ್ರಿಕೆಟ್ ಬ್ಯಾಟು ಬಾಗಿದಂತೆ ಕಾಣಬಹುದು. ಆದ್ದರಿಂದ ವೇಗದ ಆಟಕ್ಕೆ ಪರದೆ ನಿಜವಾಗಿ ತೆರೆದು ಮುಚ್ಚುವ ಮೆಕ್ಯಾನಿಕಲ್ ಷಟರೂ ಇದೆಯೇ ಎಂದು ಕೇಳಿಕೊಳ್ಳಿ.

ಕೊನೆಗೆ ಮೂರು ಕ್ಯಾಮೆರಾ ಎದುರಿಗಿಟ್ಟುಕೊಂಡೆ. ಒಂದು, ಲೆನ್ಸ್ ಬಿಚ್ಚಲಾಗದ, ಬಹು ದೂರ ಎಳೆಯಬಲ್ಲ ಸೂಪರ್ ಜೂಮ್. ಎರಡನೆಯದು ಹೊಸ ಮಿರರ್‌ಲೆಸ್. ಮೂರನೆಯದು ಯಾರೋ ಬಳಸಿ ಮಾರಿದ ಎಸ್‌ಎಲ್‌ಆರ್, 2014ರಲ್ಲಿ ಬಂದ ಕೆನಾನ್ 7ಡಿ ಮಾರ್ಕ್ 2. ಅಂಗಡಿಯವರ ಅಪ್ಪಣೆ ಪಡೆದು, ಅವರ ಬಾಗಿಲಲ್ಲೇ ನಿಂತು, ರಸ್ತೆಯಲ್ಲಿ ಹೋಗುವ ಆಟೋ, ಸ್ಕೂಟರ್‌ಗಳನ್ನು ಒಂದೊಂದರಲ್ಲೂ ಹತ್ತು ಸಲ ತೆಗೆದೆ. ಆಮೇಲೆ ಹಿಗ್ಗಿಸಿ ನೋಡಿ ಹತ್ತಕ್ಕೆ ಎಷ್ಟು ಸ್ಪಷ್ಟ ಎಂದು ಅಂಕ ಹಾಕಿದೆ. ಸೂಪರ್ ಜೂಮ್‌ಗೆ ಎರಡು. ಪಾಪ, ಅದು ಕೂತ ಹಕ್ಕಿಗೆ, ಹುಣ್ಣಿಮೆ ಚಂದ್ರನಿಗೆ ಬಹಳ ಒಳ್ಳೆಯದು. ಮಿರರ್‌ಲೆಸ್‌ಗೆ ಎಂಟು. ಅದು ಸವಾರನ ಕಣ್ಣನ್ನೇ ಗುರುತಿಸಿ ಹಿಂಬಾಲಿಸುತ್ತದೆ, ನೋಡಿದರೆ ಬೆರಗಾಗುತ್ತದೆ. ಹಳೆಯ ಎಸ್‌ಎಲ್‌ಆರ್‌ಗೆ ಆರು. ಎಂಟು ಆರಕ್ಕಿಂತ ದೊಡ್ಡದು, ನಿಜ. ಆದರೆ ಮಿರರ್‌ಲೆಸ್ ಮತ್ತು ಅದರ ಲೆನ್ಸ್ ಸೇರಿದರೆ ಬೆಲೆ ನಾನು ಇದಕ್ಕೆಂದು ಎತ್ತಿಟ್ಟಿದ್ದ ಠೇವಣಿಯ ಎರಡರಷ್ಟಾಗುತ್ತಿತ್ತು. ಸೆಕೆಂಡಿಗೆ ಹತ್ತು ಚಿತ್ರ, 65 ಫೋಕಸ್ ಬಿಂದು, ಬ್ಯಾಟರಿ ಸೇರಿ 910 ಗ್ರಾಂ. 375 ಗ್ರಾಮಿನ 55-250 ಲೆನ್ಸ್ ಹಾಕಿದರೆ ಒಟ್ಟು 1,285. ಅಕ್ಕಿ ಪರೀಕ್ಷೆಯಲ್ಲಿ ಪಾಸು. ಹಳೆಯದನ್ನೇ ತೆಗೆದುಕೊಂಡೆ. ಹಣ ಇರುವವರು, ಕೈ ಸೋತವರು ಮಿರರ್‌ಲೆಸ್‌ಗೇ ಹೋಗಲಿ, ಅದರಲ್ಲಿ ಹಗುರವಾದವೂ ಇವೆ.

ಬಳಸಿದ ಕ್ಯಾಮೆರಾ ಕೊಳ್ಳುವಾಗ ಷಟರ್ ಎಷ್ಟು ಸಲ ಬಿದ್ದಿದೆ ಎಂದು ಕೇಳಿ. ಅದು ಸ್ಕೂಟರಿನ ಕಿಲೋಮೀಟರ್ ಇದ್ದ ಹಾಗೆ. ಈ ಮಾದರಿಯ ಷಟರನ್ನು ಎರಡು ಲಕ್ಷ ಸಲಕ್ಕೆಂದು ತಯಾರಿಸಿದ್ದಾರೆ. ನನಗೆ ಸಿಕ್ಕಿದ್ದು 40 ಸಾವಿರ ದಾಟಿತ್ತು. ಲೆನ್ಸನ್ನು ಬೆಳಕಿಗೆ ಹಿಡಿದು ಒಳಗೆ ಜೇಡನ ಬಲೆಯಂಥ ಎಳೆ ಇದೆಯೇ ನೋಡಿ. ಇದ್ದರೆ ಅದು ಬೂಷ್ಟು, ಬೇಡ ಎಂದು ಎದ್ದು ಬನ್ನಿ.

ಮನೆಗೆ ತಂದ ಮೇಲೆ ಒಂದು ವಾರ ಒದ್ದಾಡಿದೆ. ವ್ಯೂಫೈಂಡರಿನಲ್ಲಿ ಕಣ್ಣಿಟ್ಟರೆ ಎಲ್ಲ ಮಸುಕು. ಪೊರೆ ಆಪರೇಷನ್ ಆಗಿ ನಾಲ್ಕು ವರ್ಷವಾಗಿತ್ತು, ಮತ್ತೆ ಪೊರೆ ಬಂತೇ ಎಂದು ಹೆದರಿ ಕಣ್ಣಿನ ಡಾಕ್ಟರ ಬಳಿಗೂ ಹೋಗಿ ಬಂದೆ. ಕಣ್ಣು ಸರಿಯಾಗಿಯೇ ಇತ್ತು. ವ್ಯೂಫೈಂಡರಿನ ಪಕ್ಕದಲ್ಲಿ ಅಕ್ಕಿಕಾಳಿನಷ್ಟು ಗುರುತಿರುವ ಒಂದು ಪುಟ್ಟ ತಿರುಪು ಇರುತ್ತದೆ, ನಮ್ಮ ಕಣ್ಣಿನ ನಂಬರಿಗೆ ಹೊಂದಿಸಿಕೊಳ್ಳಲಿಕ್ಕೆ. ಪುಟ್ಟಿ ಅದನ್ನು ಹೀಗೆ ತಿರುಗಿಸಿದಳು, ಜಗತ್ತು ಸ್ಪಷ್ಟವಾಯಿತು. ಡಾಕ್ಟರ ಫೀಸು ಹೋಯಿತು, ಆ ಮಾತು ಬೇರೆ. ಅಜ್ಜ ಅಜ್ಜಿಯರೇ, ಅಂಗಡಿಯಲ್ಲೇ ಆ ತಿರುಪು ಎಲ್ಲಿದೆ ಎಂದು ಕೇಳಿ. ವ್ಯೂಫೈಂಡರ್ ಇಲ್ಲದ ಕ್ಯಾಮೆರಾವಂತೂ ಈ ಕೆಲಸಕ್ಕೆ ಬೇಡವೇ ಬೇಡ. ಬಿಸಿಲಲ್ಲಿ ಹಿಂದಿನ ಪರದೆ ಕಾಣುವುದಿಲ್ಲ. ಹಣೆಗೆ ಒತ್ತಿ ಹಿಡಿದರೆ ಕೈಯೂ ಅಲುಗುವುದಿಲ್ಲ.

ಅಭ್ಯಾಸ ಶುರು ಮಾಡಿದ್ದು ಟಾಂಗಾಗಳ ಮೇಲೆ. ಅರಮನೆ ಸುತ್ತ ಓಡಾಡುವ ಟಾಂಗಾ ಹೊಸಬರಿಗೆ ಹೇಳಿ ಮಾಡಿಸಿದ ಗುರು. ಬಹಳ ಜೋರೂ ಇಲ್ಲ, ನಿಧಾನವೂ ಇಲ್ಲ, ಒಂದೇ ದಾರಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಫೋಕಸ್ಸನ್ನು ಹಿಂಬಾಲಿಸುವ ಕ್ರಮಕ್ಕೆ ಇಟ್ಟುಕೊಳ್ಳಬೇಕು. ಕೆನಾನ್‌ನಲ್ಲಿ ಅದಕ್ಕೆ ಎಐ ಸರ್ವೋ ಅಥವಾ ಸರ್ವೋ ಎನ್ನುತ್ತಾರೆ, ನಿಕಾನ್, ಸೋನಿಗಳಲ್ಲಿ ಎಎಫ್-ಸಿ. ಗುಂಡಿ ಅರ್ಧ ಒತ್ತಿ, ಟಾಂಗಾದ ಜೊತೆಗೇ ಸೊಂಟದಿಂದ ತಿರುಗುತ್ತ ಹೋಗಿ ಪೂರ್ತಿ ಒತ್ತಬೇಕು. ಬೇಕೆಂದೇ 1/60 ಇಟ್ಟು ಹೀಗೆ ತಿರುಗಿದರೆ ಕುದುರೆ ಸ್ಪಷ್ಟವಾಗಿದ್ದು ಚಕ್ರ, ಹಿಂದಿನ ಅಂಗಡಿ ಎಲ್ಲ ಗೆರೆಗೆರೆಯಾಗಿ ಓಡುತ್ತವೆ. ನೂರಕ್ಕೆ ನಾಲ್ಕು ಸರಿ ಬಂದರೆ ಹೆಚ್ಚು, ಆದರೆ ಆ ನಾಲ್ಕರ ಖುಷಿ ಬೇರೆ.

ಆಮೇಲೆ ಹಕ್ಕಿಗಳು. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಕಟ್ಟಿಸಿದ ಕುಕ್ಕರಹಳ್ಳಿ ಕೆರೆ ನಮ್ಮ ಮನೆಗೆ ಹತ್ತಿರ. ಅಲ್ಲಿ ಕಪ್ಪು ಬಿಳಿ ಮಿಂಚುಳ್ಳಿ ಎಂಬ ಪುಣ್ಯಾತ್ಮ ಇದ್ದಾನೆ. ನೀರಿನ ಮೇಲೆ ಒಂದೇ ಕಡೆ ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತು, ಮೀನು ಕಂಡೊಡನೆ ಕಲ್ಲಿನಂತೆ ಬೀಳುತ್ತಾನೆ. ಹಾರುತ್ತಲೇ ನಿಂತಿರುವುದರಿಂದ ಫೋಕಸ್ ಮಾಡಲು ಸಮಯ ಕೊಡುತ್ತಾನೆ. ಬೀಳುವಾಗ ಹಿಡಿಯುವುದು ಮಾತ್ರ ಇವತ್ತಿಗೂ ನನಗೆ ಸಿಕ್ಕಿಲ್ಲ. ನೀಲಿ ಮಿಂಚುಳ್ಳಿಯೂ ಕಳ್ಳಿಪೀರವೂ ಬೇಟೆಗೆ ಹಾರಿ ಬಹಳ ಸಲ ಅದೇ ಕೊಂಬೆಗೆ ಮರಳುತ್ತವೆ, ಹಾಗಾಗಿ ಹಕ್ಕಿಯನ್ನು ಅಟ್ಟಿಸಿಕೊಂಡು ಹೋಗದೆ ಕೊಂಬೆಗೆ ಫೋಕಸ್ ಮಾಡಿ ಕಾಯಬೇಕು. ಇದನ್ನು ಹೇಳಿಕೊಟ್ಟದ್ದು ಯಾವ ಕ್ಯಾಮೆರಾ ಪುಸ್ತಕವೂ ಅಲ್ಲ, ಏರಿಯ ಮೇಲೆ ನಿಂತ ಕಾಲೇಜು ಹುಡುಗ.

ಡಿಸೆಂಬರ್ ರಜೆಯಲ್ಲಿ ಪುಟ್ಟಿಯನ್ನು ಕರೆದುಕೊಂಡು ರಂಗನತಿಟ್ಟಿಗೆ ಹೋದೆ. ಹಕ್ಕಿ ವಿಜ್ಞಾನಿ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ಮೈಸೂರು ಮಹಾರಾಜರು ಪಕ್ಷಿಧಾಮವೆಂದು ಘೋಷಿಸಿದ ಜಾಗ ಅದು. ಅಲ್ಲಿ ದೋಣಿಯೂ ಅಲುಗುತ್ತದೆ, ಹಕ್ಕಿಯೂ ಅಲುಗುತ್ತದೆ, ನನ್ನ ಕೈಯೂ ಅಲುಗುತ್ತದೆ. ಬಂಡೆಯ ಮೇಲೆ ಬಾಯಿ ತೆರೆದು ಮಲಗಿದ ಮೊಸಳೆಯೊಂದೇ ನನ್ನ ಹಳೆಯ ಕ್ಯಾಮೆರಾಕ್ಕೂ ಸಿಗಬಹುದಾದ ಪ್ರಾಣಿ. ಹೆಜ್ಜಾರ್ಲೆ ಗಾಳಿಗೆ ಎದುರಾಗಿ ಹಾರಲು ತೊಡಗುತ್ತದೆ ಎಂದು ತಿಳಿದಿದ್ದರಿಂದ, ಪುಟ್ಟಿ ಕರವಸ್ತ್ರ ಹಿಡಿದು ಗಾಳಿ ನೋಡಿ, “ಆ ಕಡೆಗೆ ತಾತ” ಅಂದಳು. ಸೆಕೆಂಡಿಗೆ ಹತ್ತರಂತೆ ಒತ್ತಿದೆ. ಒಂದರಲ್ಲಿ ಕಾಲಿನಿಂದ ನೀರು ಚಿಮ್ಮುವುದು ಹನಿಹನಿಯಾಗಿ ಬಂತು. ಕ್ಯಾಮೆರಾ ನನ್ನದು, ಫೋಟೋ ಅವಳದು.

ಪೂರ್ಣಚಂದ್ರ ತೇಜಸ್ವಿಯವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಳ ಫೋಟೋ ತೆಗೆಯುತ್ತಿದ್ದ ದಿನಗಳಲ್ಲಿ ಇದೊಂದೂ ಇರಲಿಲ್ಲ. ರೋಲಿಗೆ 36 ಚಿತ್ರ, ತೊಳೆಸಿ ತರುವವರೆಗೆ ಬಂದಿದೆಯೋ ಇಲ್ಲವೋ ಗೊತ್ತಿಲ್ಲ. ಸಂಡೂರಿನ ಎಂ.ವೈ. ಘೋರ್ಪಡೆಯವರಂತೂ ನಮ್ಮ ರಾಜ್ಯದ ಹಣಕಾಸು ಮಂತ್ರಿಯಾಗಿದ್ದವರು, ಆನೆ, ಹುಲಿಗಳ ಹೆಸರಾಂತ ಛಾಯಾಗ್ರಾಹಕರೂ ಹೌದು. ಲೆಕ್ಕದವರಿಗೂ ಕ್ಯಾಮೆರಾಕ್ಕೂ ಏನೋ ನಂಟಿದೆ ಎಂದು ಹೇಳಿಕೊಳ್ಳಲು ನನಗೆ ಅವರ ಹೆಸರು ಸಾಕು. ನಮ್ಮ ಮೈಸೂರಿನವರೇ ಆದ ಕೃಪಾಕರ ಮತ್ತು ಸೇನಾನಿ ಸೀಳುನಾಯಿಗಳ ಹಿಂದೆ ವರ್ಷಗಟ್ಟಲೆ ಕಾಡು ಸುತ್ತಿ ಸಿನಿಮಾ ತೆಗೆದರು. ಸೀಳುನಾಯಿ ಎಷ್ಟು ಹೊತ್ತಿಗೆ ಯಾವ ದಾರಿಯಲ್ಲಿ ಬರುತ್ತದೆಂದು ಗೊತ್ತಿಲ್ಲದವನಿಗೆ ಸೆಕೆಂಡಿಗೆ ಹತ್ತಲ್ಲ, ನೂರು ಚಿತ್ರ ತೆಗೆಯುವ ಕ್ಯಾಮೆರಾ ಕೊಟ್ಟರೂ ಬರುವುದು ಪೊದೆಯ ಫೋಟೋ.

ಕ್ರೀಡಾಕೂಟದ ದಿನ ಬಂತು. ಈ ಸಲ ಗೆರೆಯ ಪಕ್ಕದಲ್ಲಿ ನಿಲ್ಲಲಿಲ್ಲ. ಪಕ್ಕದಿಂದ ನೋಡಿದರೆ ಓಟಗಾರರು ಕಣ್ಣೆದುರಿನಿಂದ ಸರ್ರನೆ ದಾಟಿಹೋಗುತ್ತಾರೆ. ಗೆರೆಯಿಂದ ಆಚೆ, ಹಗ್ಗದ ಹೊರಗೆ, ಅವರು ನನ್ನತ್ತಲೇ ಓಡಿಬರುವ ಜಾಗದಲ್ಲಿ ಮಡಚುವ ಸ್ಟೂಲ್ ಹಾಕಿ ಕೂತೆ. ಹಿಂದಿನ ಎರಡು ಓಟಗಳಲ್ಲಿ ಬೇರೆ ಮಕ್ಕಳ ಮೇಲೆ ಅಭ್ಯಾಸ ಮಾಡಿ, 1/1600, ಎಫ್ 5.6, ಐಎಸ್‌ಒ 400 ಎಂದು ಇಟ್ಟುಕೊಂಡೆ. ಕಾರ್ಡು ಖಾಲಿ ಇದೆಯೇ ಎಂದು ಮೂರು ಸಲ ನೋಡಿಕೊಂಡೆ. ಸೀಟಿ ಊದಿದರು.

ತಿರುವು ದಾಟಿ ನೆಟ್ಟಗೆ ಬಂದಾಗ ಪುಟ್ಟಿಯ ಮುಖಕ್ಕೆ ಫೋಕಸ್ ಹಿಡಿದು ಜೊತೆಗೇ ಬಂದೆ. ಒಬ್ಬಳು ಹುಡುಗಿ ಮುಂದಿದ್ದಳು, ಪುಟ್ಟಿ ಎರಡನೆಯವಳು. ಕೊನೆಯ ಮೂವತ್ತು ಮೀಟರ್‌ಗೆ ಗುಂಡಿ ಒತ್ತಿ ಹಿಡಿದೆ. ನಿಜ ಹೇಳಬೇಕೆಂದರೆ ಓಟವನ್ನು ನಾನು ನೋಡಲೇ ಇಲ್ಲ, ಬರೀ ಟಕಟಕ ಸದ್ದು ಕೇಳಿದೆ. ಪುಟ್ಟಿ ಮೂರನೆಯವಳಾದಳು ಎಂದು ಪಕ್ಕದವರು ಹೇಳಿದಾಗಲೇ ಗೊತ್ತಾದದ್ದು.

ಸಂಜೆ ಮೂವರೂ ಕಂಪ್ಯೂಟರಿನ ಮುಂದೆ ಕೂತೆವು. ಒಟ್ಟು 41 ಚಿತ್ರ. ಹದಿನಾಲ್ಕು ಮಸುಕು, ಉಳಿದವು ಸ್ಪಷ್ಟ. ಒಂಬತ್ತನೆಯದರಲ್ಲಿ ಜಡೆ ಗಾಳಿಯಲ್ಲಿ, ತುಟಿ ಕಚ್ಚಿಕೊಂಡು, ಎರಡೂ ಕಾಲು ನೆಲದಿಂದ ಮೇಲೆ. ಮೈಬ್ರಿಜ್‌ನ ಕುದುರೆಯ ಹಾಗೇ. “ಇವಳ ಕಾಲು ಮನೆಯಲ್ಲೂ ನೆಲದ ಮೇಲಿರಲ್ಲ” ಅಂದಳು ಅಜ್ಜಿ.

ಪುಟ್ಟಿಗೆ ಆ ಫೋಟೋ ಅಷ್ಟೇನೂ ಮುಖ್ಯವಾದಂತೆ ಕಾಣಲಿಲ್ಲ. ಮೌಸ್ ಕಿತ್ತುಕೊಂಡು ಒಂದೊಂದೇ ಚಿತ್ರ ಮುಂದೆ ಸರಿಸುತ್ತ ಹೋದಳು. 33ರಲ್ಲಿ ನಿಲ್ಲಿಸಿದಳು. “ಇಲ್ಲಿ ನೋಡಿ ತಾತ.” ಆ ಚಿತ್ರದಲ್ಲಿ ಅವಳ ಮುಖ ನನ್ನ ಕಡೆಗಿರಲಿಲ್ಲ. ಪಕ್ಕದ ಹುಡುಗಿ ಎಲ್ಲಿದ್ದಾಳೆಂದು ತಿರುಗಿ ನೋಡುತ್ತಿದ್ದಳು. 34, 35ರಲ್ಲೂ ಹಾಗೇ. 36ರಲ್ಲಿ ಆ ಹುಡುಗಿಯ ಭುಜ ಇವಳ ಭುಜದ ಮುಂದಿತ್ತು.

“ನಾನು ತಿರುಗಿ ನೋಡಿದ್ದೇ ನನಗೆ ಗೊತ್ತಿಲ್ಲ” ಅಂದಳು.

ಏಪ್ರಿಲ್‌ನಲ್ಲಿ ಹೊರಡುವಾಗ ಪೆನ್‌ಡ್ರೈವ್ ತಂದು ಕೊಟ್ಟಳು. ಚೆನ್ನಾಗಿ ಬಂದಿರುವುದನ್ನು ಆರಿಸಿ ಹಾಕುತ್ತೇನೆ ಅಂದೆ. “ಬೇಡ ತಾತ, 41ನ್ನೂ ಹಾಕಿ. ಅಲ್ಲಿಯ ಕೋಚ್‌ಗೆ ತೋರಿಸಬೇಕು” ಅಂದಳು.